ಗಾಜಿನ ಕಡಲಿಗೆ ತಕ್ಕ ಮರಳು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಪಂಪನ ಕಾವ್ಯ, ಪುರಂದರದಾಸರ ಕೀರ್ತನೆ, ಏಕೀಕರಣದ ಇತಿಹಾಸ ಮುಂತಾದ ವಿಷಯಗಳನ್ನು ಕುರಿತು ತಿಳಿದವರು ಮಾತನಾಡಿದ್ದಾರೆ. ಅಂಥ ವೇದಿಕೆಯಲ್ಲಿ ಮರಳಿನ ವಿಷಯ ಮಾತನಾಡಲು ನಿಂತಿದ್ದೇವೆಂದರೆ ಕೆಲವರಿಗೆ ನಗು ಬರಬಹುದು. ನಗಬೇಕು, ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಸಮುದ್ರದ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯೊಂದಿರುವುದು, ಅದರಲ್ಲಿ ಮೀನೂ ಮೆತ್ತನೆಯ ಹವಳವೂ ಬದುಕುತ್ತಿರುವುದು ಕಾರ್ಯದರ್ಶಿಗಳಿಗೆ ಗೊತ್ತು. “ಇದನ್ನೇ ನಾಲ್ಕು ಮಾತಿನಲ್ಲಿ ಹೇಳಿ, ಮಕ್ಕಳು ಕೇಳುತ್ತಾರೆ” ಎಂದು ಅವರು ಒತ್ತಾಯ ಮಾಡಿದರು. ತೊಟ್ಟಿಯ ವಿಷಯವೆಲ್ಲ ಹೇಳಹೊರಟರೆ ರಾತ್ರಿಯ ಕೊನೆಯ ಲೋಕಲ್ ಗಾಡಿ ತಪ್ಪುವುದು ಖಂಡಿತ. ಆದ್ದರಿಂದ ಅದರ ತಳದ ಮರಳೊಂದನ್ನೇ ಹಿಡಿದುಕೊಂಡಿದ್ದೇವೆ. ನಾವು ಪಟ್ಟ ಕಷ್ಟವೆಲ್ಲ ಅದರಲ್ಲಿಯೇ ಅಡಗಿದೆ.

ಮುಂಬಯಿಯ ಸಮುದ್ರದಂಡೆಯಲ್ಲಿ 1951ರಲ್ಲಿ ಆರಂಭವಾದ ತಾರಾಪೊರವಾಲಾ ಮತ್ಸ್ಯಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿದ್ದಿರಬಹುದು. 2018ರಲ್ಲಿ ನಾಲ್ಕು ವರ್ಷದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಹುಡುಗಿ ಮೀನು ನೋಡಿದ್ದಕ್ಕಿಂತ ಹೆಚ್ಚಾಗಿ “ನಮ್ಮ ಮನೆಯಲ್ಲೇಕೆ ಇಲ್ಲ?” ಎಂದು ಕೇಳಿದಳು. ಮೂರು ವರ್ಷ ಕೇಳಿದಳು. 2021ರಲ್ಲಿ ನಾವು ಸೋತೆವು. ಉದ್ದ 90 ಸೆಂಟಿಮೀಟರು, ಅಗಲ 45, ಎತ್ತರ 50ರ ತೊಟ್ಟಿಯೊಂದು ಮನೆಗೆ ಬಂದಿತು.

ಮರಳಿನ ವಿಷಯದಲ್ಲಿ ನಾವು ಆಗ ಏನನ್ನೂ ಯೋಚಿಸಲಿಲ್ಲ. ಅಂಗಡಿಯವನು ಹವಳದ ಚೂರುಗಳಿದ್ದ ಎರಡು ಚೀಲ ಕೊಟ್ಟನು. ಒಂದೊಂದು ಚೂರೂ ಕಡಲೆಕಾಳಿನಷ್ಟಿತ್ತು. ನೋಡಲು ಬಲು ಚೆನ್ನಾಗಿತ್ತು, ಏಳು ಸೆಂಟಿಮೀಟರು ದಪ್ಪಕ್ಕೆ ಹಾಸಿದೆವು. ಮೀನು ತಿಂದು ಬಿಟ್ಟ ಆಹಾರ, ಮೀನಿನ ಮಲ ಎಲ್ಲವೂ ಆ ಚೂರುಗಳ ಸಂದಿಗೆ ಇಳಿದು ಮಾಯವಾಗುತ್ತಿತ್ತು. ಮೇಲೆ ಕಸವೇ ಕಾಣಿಸುತ್ತಿರಲಿಲ್ಲ. ತೊಟ್ಟಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತಿದೆಯೆಂದು ನಾವು ಹಿಗ್ಗಿದೆವು.

ಬಾಡಿಗೆ ಮನೆಯ ಹನ್ನೊಂದು ತಿಂಗಳ ಕರಾರು ಏನೆಂಬುದನ್ನು ಈ ಊರಿನಲ್ಲಿರುವ ನಿಮಗೆ ಹೇಳಬೇಕಾಗಿಲ್ಲ. ಮರುವರ್ಷ ಮನೆ ಬದಲಾಯಿಸಬೇಕಾಯಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರು ಬಸಿದು, ಚೂರುಗಳನ್ನು ತೋಡಿ ತೆಗೆದೆವು. ಕೆಳಪದರವೆಲ್ಲ ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ನಾತ. ಅವಸರದಲ್ಲಿ ಅದನ್ನೇ ಹೊಸ ಮನೆಯ ತೊಟ್ಟಿಗೆ ಮತ್ತೆ ಸುರಿದು, ನೀರು ತುಂಬಿಸಿ, ಮೀನುಗಳನ್ನು ಬಿಟ್ಟು ಮಲಗಿದೆವು. ಬೆಳಿಗ್ಗೆ ಎದ್ದು ನೋಡುವಲ್ಲಿ ಮೂರು ಮೀನುಗಳೂ ಸತ್ತಿದ್ದವು. ಮಗಳು ಅಂದು ಶಾಲೆಗೆ ಹೋಗಲಿಲ್ಲ. “ನೀವೇ ಸಾಯಿಸಿದಿರಿ” ಎಂದಳು. ಅದು ನಿಜವೂ ಆಗಿತ್ತು.

ನಡೆದದ್ದು ಇಷ್ಟು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ, ಅದು ವಿಷ. ಮರಳಿನ ಕಾಳುಗಳ ಮೈಮೇಲೂ ಕಲ್ಲುಗಳ ಮೇಲೂ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳಿಗೆ ಗಾಳಿ ಬೇಕು. ಗಾಳಿ ಇಳಿಯದ ಆಳದಲ್ಲಿ ಬೇರೆ ಜಾತಿಯ ಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು ನೈಟ್ರೇಟನ್ನು ಸಾರಜನಕವಾಗಿ ಬಿಡುಗಡೆ ಮಾಡಿ ಉಪಕಾರ ಮಾಡುತ್ತವೆ. ಆದರೆ ಕೊಳೆ ಬಹಳವಾಗಿ ತುಂಬಿದಲ್ಲಿ ಇನ್ನು ಕೆಲವು ಜೀವಿಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ. ಕದಡದೆ ಇದ್ದಿದ್ದರೆ ಅದು ಅಲ್ಲಿಯೇ ಬಿದ್ದಿರುತ್ತಿತ್ತು. ನಾವು ಅದನ್ನೂ ಒಂದು ವರ್ಷದ ಕೊಳೆಯನ್ನೂ ಒಟ್ಟಿಗೆ ನೀರಿಗೆ ಕಲಸಿದೆವು.

ಎರಡನೆಯ ಸಲ ತೊಟ್ಟಿ ಹೂಡುವ ಮೊದಲು ಮರಳಿನ ವಿಚಾರವನ್ನು ಓದತೊಡಗಿದೆವು. ಅದೇ ಸಮಯಕ್ಕೆ ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಬಂದರು. ಮೊಮ್ಮಗಳ ಮೀನು ಸತ್ತ ಸುದ್ದಿ ಅವರಿಗೆ ತಲುಪಿತ್ತು. ಗೋಣಿಚೀಲವೊಂದನ್ನು ರೈಲಿನಲ್ಲಿ ಕಾಲಬುಡದಲ್ಲಿಟ್ಟುಕೊಂಡು, ರಾತ್ರಿಯಿಡೀ ಕಾಯ್ದುಕೊಂಡು ತಂದಿದ್ದರು. ಬಿಚ್ಚಿ ನೋಡಿದರೆ ಮರಳು! “ಮಗಾ, ನಮ್ಮೂರ್ ಹೊಯ್ಗಿ. ಇದಕ್ಕಿಂತ ಲಾಯ್ಕ್ ಹೊಯ್ಗಿ ಎಲ್ ಸಿಕ್ಕತ್ತ್?” ಎಂದರು. ನಮಗೆ ಬಾಯಿ ಕಟ್ಟಿತು. ಎಪ್ಪತ್ತು ದಾಟಿದವರು ಹೊತ್ತು ತಂದದ್ದನ್ನು ಬೇಡವೆನ್ನುವುದು ಹೇಗೆ? ಬೇಕೆಂದು ಹಾಕಿ ಮತ್ತೆ ಮೀನು ಸತ್ತರೆ ಮಗಳಿಗೆ ಮುಖ ತೋರಿಸುವುದು ಹೇಗೆ?

ಎರಡು ದಿನ ಚೀಲ ಬಾಗಿಲ ಹಿಂದೆ ಇತ್ತು. ಮೂರನೆಯ ದಿನ ಅವರೇ ಕೇಳಿದರು. ಆಗ ನಾವು ವಾದಕ್ಕೆ ಹೋಗದೆ ಎರಡು ಬಟ್ಟಲು ತಂದೆವು. ಒಂದಕ್ಕೆ ಊರ ಮರಳು, ಇನ್ನೊಂದಕ್ಕೆ ಅಂಗಡಿಯಿಂದ ಮಾದರಿಗೆಂದು ತಂದಿದ್ದ ಅರಗೊನೈಟ್ ಮರಳು. ಅಡುಗೆಮನೆಯ ವಿನಿಗರನ್ನು ಅವರ ಕೈಗೇ ಕೊಟ್ಟು ಎರಡಕ್ಕೂ ಹನಿಸಲು ಹೇಳಿದೆವು. ಎರಡನೆಯದು ಸೊರ್ರೆಂದು ನೊರೆಯೆದ್ದಿತು. ಊರ ಮರಳು ಹೆಚ್ಚು ಕಡಿಮೆ ಸುಮ್ಮನೆ ಇತ್ತು, ಒಂದೆರಡು ಚಿಪ್ಪಿನ ಚೂರುಗಳಲ್ಲಿ ಮಾತ್ರ ಗುಳ್ಳೆ ಕಂಡಿತು. ಅನಂತರ ಅಯಸ್ಕಾಂತವನ್ನು ಒಣ ಮರಳಿನಲ್ಲಿ ಆಡಿಸಿದೆವು. ಅದರ ತುದಿಗೆ ಕರಿಯ ಪುಡಿ ಮೀಸೆಯಂತೆ ಅಂಟಿಕೊಂಡಿತು.

ತಂದೆಯವರು ಬಹಳ ಹೊತ್ತು ನೋಡಿದರು. ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡವರು ಅವರು. ನೊರೆಯೆದ್ದದ್ದು ಸುಣ್ಣದ ಜಾತಿಯೆಂದು ನಾವು ಹೇಳುವ ಮೊದಲೇ ತಿಳಿದರು. “ಹೌದು, ನಮ್ಮದ್ ಹೊಳಿ ತಂದ್ ಹಾಕಿದ್ ಹೊಯ್ಗಿ ಅಲ್ದಾ” ಎಂದು ತಾವೇ ತೀರ್ಪು ಕೊಟ್ಟರು. ವಿಜ್ಞಾನವೂ ಅದನ್ನೇ ಹೇಳುತ್ತದೆ. ನಮ್ಮ ಕರಾವಳಿಯ ಮರಳಿನಲ್ಲಿ ಹೆಚ್ಚಿನ ಪಾಲು ಸಹ್ಯಾದ್ರಿಯ ಕಲ್ಲನ್ನು ಸವೆಸಿ ಹೊಳೆಗಳು ತಂದ ಬೆಣಚುಕಲ್ಲಿನ ಕಾಳು, ಜೊತೆಗೆ ಕಬ್ಬಿಣದ ಅಂಶವುಳ್ಳ ಕರಿಯ ಖನಿಜ. ಬೆಣಚುಕಲ್ಲು ತಾನಾಗಿ ವಿಷವಲ್ಲ, ನೀರಿನಲ್ಲಿ ಕರಗುವುದೂ ಅತ್ಯಲ್ಪ. ಆದರೆ ಲೋಹದ ಅಂಶ ಹವಳಕ್ಕೂ ಸಿಗಡಿ ಬಸವನಹುಳುಗಳಿಗೂ ಒಗ್ಗದು. ದಂಡೆಯ ಮರಳಿನಲ್ಲಿ ದೋಣಿಯ ಎಣ್ಣೆ, ಊರ ಚರಂಡಿಯ ಕೊಳೆ ಏನೇನು ಸೇರಿದೆಯೆಂದು ಕಣ್ಣಿಗೆ ಕಾಣಿಸುವುದೂ ಇಲ್ಲ. ನಮ್ಮ ಜುಹೂ ದಂಡೆಯ ಮರಳಿಗಂತೂ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.

ಹಾಗಾದರೆ ಹವಳದ ಕಡಲಿನ ಬಿಳಿಯ ಮರಳು ಎಲ್ಲಿಂದ ಬಂತು? ಅದು ಬೆಟ್ಟದಿಂದ ಬಂದುದಲ್ಲ; ಜೀವಿಗಳಿಂದಲೇ ಆದದ್ದು. ಹವಳ, ಚಿಪ್ಪು, ಸುಣ್ಣಗಟ್ಟುವ ಪಾಚಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಕವಚಜೀವಿಗಳು, ಇವು ಸತ್ತು ಪುಡಿಯಾದದ್ದು. ಗಿಳಿಮೀನೆಂಬುದೊಂದಿದೆ. ಅದು ಕೊಕ್ಕಿನಂಥ ಹಲ್ಲುಗಳಿಂದ ಹವಳದ ಬಂಡೆಯನ್ನು ಕೆರೆದು ತಿಂದು, ಗಂಟಲಿನಲ್ಲಿ ಅರೆದು, ಸುಣ್ಣದ ಭಾಗವನ್ನು ಮರಳಾಗಿ ವಿಸರ್ಜಿಸುತ್ತದೆ. ನವದಂಪತಿಗಳು ಬರಿಗಾಲಲ್ಲಿ ನಡೆದು ಚಿತ್ರ ತೆಗೆಸಿಕೊಳ್ಳುವ ಎಷ್ಟೋ ಹವಳದ್ವೀಪಗಳ ಬೆಳ್ಳನೆಯ ದಂಡೆಯಲ್ಲಿ ಒಳ್ಳೆಯ ಪಾಲು ಮೀನಿನ ಮಲವೇ ಸರಿ! ಬಹಾಮಾ ದ್ವೀಪಗಳ ಸುತ್ತಣ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿಯಾದರೋ ಸುಣ್ಣವು ಪದರಪದರವಾಗಿ ಕೂಡಿ ಗುಂಡುಗುಂಡಾದ ಕಾಳುಗಳಾಗುತ್ತದೆ. ಇವೆಲ್ಲ ಬಹುಮಟ್ಟಿಗೆ ಅರಗೊನೈಟ್ ಎಂಬ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್.

ಅಂಗಡಿಗಳಲ್ಲಿ ಒಂದು ಮಾತು ಹೇಳುತ್ತಾರೆ. ಈ ಮರಳು ಕರಗಿ ಕರಗಿ ನೀರಿನ ಕ್ಷಾರಗುಣವನ್ನು ತಾನೇ ಕಾಪಾಡುತ್ತದೆಯೆಂದು. ಇದನ್ನು ನಂಬಿ ಕೂರಬಾರದು. ಹವಳದ ತೊಟ್ಟಿಯ ನೀರಿನ ಪಿಎಚ್ ಸುಮಾರು 8.1ರಿಂದ 8.4ರವರೆಗೆ ಇರತಕ್ಕದ್ದು, ಆ ಮಟ್ಟದಲ್ಲಿ ಅರಗೊನೈಟ್ ಕರಗುವುದು ತೀರ ಕಡಿಮೆ. ಅದು ಮುದ್ದತ್ತಿಗೆ ಮುಂಚೆ ಕೈಗೆ ಬಾರದ ಠೇವಣಿಯಿದ್ದಂತೆ; ದಿನದ ಖರ್ಚಿಗೆ ಒದಗದು. ಕ್ಯಾಲ್ಸಿಯಮ್ಮನ್ನೂ ಕ್ಷಾರವನ್ನೂ ಅಳೆದು ನೋಡಿ, ಕಡಿಮೆಯಾದಷ್ಟನ್ನು ನಾವೇ ತುಂಬಿಸಬೇಕು.

ಇನ್ನು ಕಾಳಿನ ಗಾತ್ರ. ಸಕ್ಕರೆಪುಡಿಯಂಥ ಅತಿ ನಯವಾದ ಮರಳು ನೋಡಲು ಅಂದ. ಆದರೆ ಹವಳಕ್ಕೆ ಬೇಕಾದ ಅಲೆಯೆಬ್ಬಿಸುವ ಯಂತ್ರವನ್ನು ಹಚ್ಚಿದೊಡನೆ ತೊಟ್ಟಿಯೊಳಗೆ ಬಿರುಗಾಳಿ ಎದ್ದಂತಾಗಿ, ಮರಳು ಹವಳದ ಮೇಲೆ ಕೂತು ಅದನ್ನು ಸಾಯಿಸಬಹುದು. ದಪ್ಪ ಚೂರು ಹಾಕಿದರೆ ಏನಾಗುವುದೆಂದು ಈಗಾಗಲೇ ಹೇಳಿದೆವು. ಮರಳನ್ನು ಬಾಯಿಗೆ ತೆಗೆದುಕೊಂಡು ಜಾಲಾಡಿ ತಿನ್ನುವ ಗೋಬಿ ಮೀನಿಗೂ, ರಾತ್ರಿ ಮರಳಿನಲ್ಲಿ ಹುದುಗಿ ಮಲಗುವ ರಾಸ್ ಜಾತಿಯ ಮೀನಿಗೂ ಮೊನಚಾದ ದಪ್ಪ ಚೂರು ಹಿಂಸೆ. ಒಂದರಿಂದ ಎರಡು ಮಿಲಿಮೀಟರಿನ ಕಾಳು, ನಮ್ಮ ಸಣ್ಣ ರವೆಗಿಂತ ದಪ್ಪ, ಸಾಸಿವೆಯ ಆಸುಪಾಸು, ಇದು ಸಂಸಾರಸ್ಥರಿಗೆ ತಕ್ಕದ್ದು.

ದಪ್ಪದ ವಿಷಯದಲ್ಲಿ ಎರಡು ಪಂಥಗಳಿವೆ. ಹತ್ತು ಸೆಂಟಿಮೀಟರಿಗೂ ಮಿಕ್ಕಿ ನಯವಾದ ಮರಳನ್ನು ಹಾಸಿ, ಹುಳುಗಳನ್ನೂ ಬಸವನಹುಳುಗಳನ್ನೂ ಬಿಟ್ಟು, ಎಂದೂ ಕದಡದೆ ಇರುವುದು ಒಂದು. ಸ್ವಂತ ಮನೆಯವರು ಬೇಕಾದರೆ ಹಾಗೆ ಮಾಡಲಿ. ಎರಡರಿಂದ ಐದು ಸೆಂಟಿಮೀಟರು ಮಾತ್ರ ಹಾಸಿ, ನೀರು ಬದಲಿಸುವಾಗಲೆಲ್ಲ ಕೊಳವೆಯಿಂದ ಸ್ವಲ್ಪ ಸ್ವಲ್ಪ ಭಾಗದ ಕೊಳೆ ಎಳೆಯುವುದು ಇನ್ನೊಂದು. ಕರಾರು ಮುಗಿದಾಗ ಗಂಟುಮೂಟೆ ಕಟ್ಟುವ ನಮ್ಮಂಥವರಿಗೆ ಇದೇ ಕ್ಷೇಮ. ನಾವು ನಾಲ್ಕು ಸೆಂಟಿಮೀಟರು ಹಾಸಿದೆವು. 90ನ್ನು 45ರಿಂದಲೂ ಬಂದುದನ್ನು ನಾಲ್ಕರಿಂದಲೂ ಗುಣಿಸಿದರೆ ಸುಮಾರು 16 ಲೀಟರು. ತೂಕದಲ್ಲಿ 20 ಕಿಲೊ ದಾಟುತ್ತದೆ. ಮರಳೇ ಇಲ್ಲದೆ ಬರಿಯ ಗಾಜಿನ ತಳದಲ್ಲಿ ಹವಳ ಸಾಕುವವರೂ ಇದ್ದಾರೆ. ಮನೆ ಬದಲಾಯಿಸುವಾಗ ಹಳೆಯ ಮರಳನ್ನು ಹಾಗೆಯೇ ಸುರಿಯಕೂಡದು. ಚೆನ್ನಾಗಿ ತೊಳೆಯಿರಿ, ಇಲ್ಲವೇ ಹೊಸದನ್ನು ಹಾಕಿ. ಶುದ್ಧಿಗೊಳಿಸುವ ಜೀವಿಗಳು ಕಲ್ಲುಗಳ ಮೇಲೆಯೂ ಸಾಕಷ್ಟು ಇರುತ್ತವೆ.

ಹಾಕುವ ಕ್ರಮ ಇಷ್ಟೆ. ಒಣ ಮರಳನ್ನು ಅಕ್ಕಿ ತೊಳೆದಂತೆ, ಕಲಗಚ್ಚು ತಿಳಿಯಾಗುವವರೆಗೆ ತೊಳೆಯಬೇಕು. ಕಡೆಯ ನೀರು ಕ್ಲೋರಿನ್ ಇಲ್ಲದ್ದಾಗಿರಲಿ. ಮೊದಲು ಕಲ್ಲುಗಳನ್ನು ಗಾಜಿನ ತಳದಲ್ಲಿ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಬೇಕು. ಇಲ್ಲವಾದರೆ ಮೀನು ಬಿಲ ತೋಡಿ ಕಲ್ಲನ್ನು ಉರುಳಿಸೀತು. ಒಂದೆರಡು ದಿನ ನೀರು ಹಾಲಿನಂತಿರುತ್ತದೆ, ಗಾಬರಿ ಬೇಡ. ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದು ಬಣ್ಣದ ಪಾಚಿ ಬಂದು ತಾನೇ ಹೋಗುತ್ತದೆ. ಅಮೋನಿಯವೂ ನೈಟ್ರೈಟೂ ಸೊನ್ನೆಗಿಳಿಯುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ಮೀನು ಬಿಡಬಾರದು. ಮಕ್ಕಳಿಗೆ ಇದೇ ಕಠಿಣ ತಪಸ್ಸು.

ಕೊನೆಯದಾಗಿ ಒಂದು ಮಾತು. ನಮ್ಮ ಮೊದಲ ಚೀಲದ ಚೂರುಗಳನ್ನು ಬೆಳಕಿಗೆ ಹಿಡಿದಾಗ ಕೆಲವದರಲ್ಲಿ ನಕ್ಷತ್ರದಂಥ ಗುರುತುಗಳಿದ್ದವು. ಅವು ಹವಳದ ಮನೆಗಳು. ಗಟ್ಟಿ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಲಕ್ಷದ್ವೀಪವಾಗಲಿ, ಮನ್ನಾರ್ ಕೊಲ್ಲಿಯಾಗಲಿ, ನಮ್ಮ ಭಟ್ಕಳದಾಚೆಯ ನೇತ್ರಾಣಿಯಾಗಲಿ, ಅಲ್ಲಿಯ ಹವಳವನ್ನು ಬದುಕಿರಲಿ ಸತ್ತಿರಲಿ ಎತ್ತಿ ತರಬೇಡಿ, ತಂದುಕೊಟ್ಟರೆ ಕೊಳ್ಳಬೇಡಿ. ಮರಳು ಕೊಳ್ಳುವಾಗ ಮೂಲ ಎಲ್ಲಿಯದೆಂದು ಕೇಳಿ. ಹೇಳಲಾರದವನ ಚೀಲ ಬೇಡ. ಮೀನಿನ ವಿಷಯದಲ್ಲಿಯೂ ಇದೇ ಮಾತು. ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಹಾಗೆ ಹುಟ್ಟಿದ್ದನ್ನೇ ಕೊಳ್ಳಿ. ನಮ್ಮ ಮನೆಯ ಸಂತೋಷಕ್ಕಾಗಿ ಕಡಲಿನ ಮನೆ ಬರಿದಾಗಬಾರದಷ್ಟೆ.

ಊರ ಹೊಯ್ಗೆ ಏನಾಯಿತೆಂದು ಕೇಳುವಿರಿ. ನಮ್ಮ ತಾಯಿಯವರು ಅದನ್ನು ಏಳು ನೀರಿನಲ್ಲಿ ತೊಳೆದು, ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟರು. ಕಬ್ಬಿಣದ ಬಾಣಲೆಯಲ್ಲಿ ಅದನ್ನು ಕಾಯಿಸಿ ನೆಲಗಡಲೆ ಹುರಿದರೆ ಒಂದು ಕಾಳೂ ಸೀಯುವುದಿಲ್ಲ. ತೊಟ್ಟಿಯಲ್ಲಿ ಈಗ ಎರಡು ಕ್ಲೌನ್ ಮೀನುಗಳಿವೆ. ತಂದೆಯವರು ಬಂದಾಗಲೆಲ್ಲ ಅದರ ಮುಂದೆ ಕುಳಿತು ಹುರಿಗಡಲೆ ತಿನ್ನುತ್ತಾ, ಮೊಮ್ಮಗಳಿಗೆ ಯಾವ ಮರಳು ಯಾವ ಕೆಲಸಕ್ಕೆಂದು ಪಾಠ ಹೇಳುತ್ತಾರೆ. ಇಂದು ನಿಮ್ಮ ಮುಂದೆ ಒಪ್ಪಿಸಿದ ಪಾಠದಲ್ಲಿ ಅರ್ಧ ಅವರದೇ.

 ತೊಟ್ಟಿ ನೋಡಬೇಕೆನ್ನುವ ಮಕ್ಕಳು ಯಾವ ಭಾನುವಾರವಾದರೂ ಮನೆಗೆ ಬರಬಹುದು.