ಮೊದಲ ಮನೆ ಕೊಳ್ಳುವವರಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವ ಕಷ್ಟ ಅವರ ಕಾಲದಲ್ಲಿ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು. ಹಳ್ಳಿಯ ಮನೆ ತಾತನಿಂದ ತಂದೆಗೆ, ತಂದೆಯಿಂದ ಮಕ್ಕಳಿಗೆ ಬರುತ್ತದೆ. ಪಟ್ಟಣದ ಮನೆ ಹಾಗಲ್ಲ. ಮಕ್ಕಳ ಓದು, ಉದ್ಯೋಗ, ಆಸ್ಪತ್ರೆ ಎಂದು ಪಟ್ಟಣ ಸೇರುವವರಲ್ಲಿ ಬಹುಮಂದಿ ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಮನೆಯೊಂದನ್ನು ಹಣ ಕೊಟ್ಟು ಕೊಳ್ಳುವವರು. ಅಂಥವರಿಗಾಗಿ ಈ ನಾಲ್ಕು ಮಾತು.

ಹರಪನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ, ಹಲವಾಗಲು ಎಂಬ ಊರಿದೆ. ಅಲ್ಲಿಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಗನಿಗೆ ದಾವಣಗೆರೆಯಲ್ಲಿ ಕೆಲಸ. ಅಲ್ಲೊಂದು ಮನೆ ಕೊಳ್ಳಲೆಂದು ತಂದೆ ಒಂದು ಎಕರೆ ಗದ್ದೆಯನ್ನು ಮಾರಿದ್ದಾರೆ. ಮಗ ನೋಡಿ ಬಂದ ಮನೆ ಚೆನ್ನಾಗಿದೆ. ಹೊಸ ಬಣ್ಣ, ಹೊಳೆಯುವ ನೆಲ, ಮುಂದೆ ತೆಂಗಿನ ಮರ. "ಇನ್ನೊಬ್ಬರು ಬಂದು ಕೇಳಿ ಹೋಗಿದ್ದಾರೆ, ನಾಳೆಯೇ ಸಂಚಕಾರ ಕೊಟ್ಟುಬಿಡಿ" ಎನ್ನುತ್ತಾನೆ ದಲ್ಲಾಳಿ. ಗದ್ದೆ ಕೈಬಿಟ್ಟಿದೆ, ಮನೆ ಇನ್ನೂ ಕೈಸೇರಿಲ್ಲ. ಅಪಾಯವಿರುವುದು ಈ ನಡುವಣ ದಿನಗಳಲ್ಲೇ.

ನಮ್ಮ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವು ನೋಡಿರಬಹುದು. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆಮೇಲೆ ವ್ಯಾಪಾರದ ಮಾತು. ಮನೆಯ ಹಲ್ಲು ಇರುವುದು ಅದರ ಕಾಗದಗಳಲ್ಲಿ. ಆದುದರಿಂದ ಮೊದಲು ಕಾಗದ, ಆಮೇಲೆ ಸಂಚಕಾರ. ಈ ಕ್ರಮವನ್ನು ಯಾರ ಅವಸರಕ್ಕೂ ಬದಲಾಯಿಸಬಾರದು.

ಕಾಗದಗಳಲ್ಲಿ ಮೊದಲನೆಯದು ಮಾರುವವರಿಗೆ ಆ ಸ್ವತ್ತು ಹೇಗೆ ಬಂತೆಂಬುದನ್ನು ಹೇಳುವ ಮೂಲಪತ್ರ. ಅದು ಕ್ರಯಪತ್ರವಿರಬಹುದು, ವಿಭಾಗಪತ್ರವಿರಬಹುದು, ದಾನಪತ್ರವಿರಬಹುದು. ಅದರ ಹಿಂದಿನ ಪತ್ರಗಳೂ ಬೇಕು; ಕನಿಷ್ಠ 30 ವರ್ಷಗಳ ಕೊಂಡಿ ತಪ್ಪದೆ ಸಿಕ್ಕುವುದು ಒಳ್ಳೆಯದು. ಹಳೆಯ ಪತ್ರಗಳಲ್ಲಿ ಜಿಲ್ಲೆಯ ಹೆಸರು ಬೇರೆಯಿದ್ದರೆ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ. ಹರಪನಹಳ್ಳಿಯ ಕಥೆ ಇನ್ನೂ ಉದ್ದ. 1953ರವರೆಗೆ ಅದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳಿಕ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ದಾವಣಗೆರೆಗೆ ಸೇರಿತು, ಮರಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸ್ವತ್ತಿನ ಚಕ್ಕುಬಂದಿ ಬದಲಾಗುವುದಿಲ್ಲ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉದ್ದಗಲವೆಷ್ಟು ಎಂಬುದನ್ನು ಪತ್ರ ಹಿಡಿದು ಸ್ಥಳದಲ್ಲೇ ನಿಂತು ಅಳೆದು ನೋಡಿರಿ. "ಜಿಲ್ಲೆ ಬದಲಾದಾಗ ಕಾಗದ ಕಳೆದವು" ಎಂಬ ಸಬೂಬನ್ನು ಒಪ್ಪಬೇಡಿ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೊರೆಯುತ್ತದೆ.

ಎರಡನೆಯದು ಋಣಭಾರ ಪತ್ರ. ಜನ ಇದನ್ನು ಇಸಿ ಎನ್ನುತ್ತಾರೆ. ಈಗ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಿ ಪಡೆಯಬಹುದು. ನಮೂನೆ 15ರಲ್ಲಿ ಬಂದರೆ ನೋಂದಣಿಯಾದ ವ್ಯವಹಾರಗಳು ಅದರಲ್ಲಿ ಕಾಣುತ್ತವೆ. ನಮೂನೆ 16 ಬಂದರೆ ಕೇಳಿದ ಅವಧಿಯಲ್ಲಿ ವ್ಯವಹಾರವಿಲ್ಲವೆಂದು ಅರ್ಥ. ಆದರೆ ಇದರಲ್ಲಿ ಕಾಣದ ಸಂಗತಿಗಳೂ ಉಂಟು. ನ್ಯಾಯಾಲಯದ ವ್ಯಾಜ್ಯ, ನೋಂದಣಿಯಾಗದ ಕರಾರು, ಮನೆಯವರೊಳಗಿನ ತಕರಾರು ಇವು ಇಲ್ಲಿ ತೋರದಿರಬಹುದು. ಮೂಲಪತ್ರವನ್ನು ಒತ್ತೆಯಿಟ್ಟು ತೆಗೆದ ಸಾಲವೂ ಕೆಲವೊಮ್ಮೆ ಕಣ್ಣಿಗೆ ಬೀಳದು. ಆದ್ದರಿಂದ ಜೆರಾಕ್ಸ್ ಪ್ರತಿಗಳನ್ನಷ್ಟೇ ತೋರಿಸುವವರನ್ನು, "ಮೂಲಪತ್ರ ಎಲ್ಲಿದೆ, ಕಣ್ಣಾರೆ ನೋಡಬೇಕು" ಎಂದು ಸಂಕೋಚವಿಲ್ಲದೆ ಕೇಳಿರಿ.

ಮೂರನೆಯ ವಿಷಯವನ್ನು ನಾವು ಕಲ್ಪಿಸಿಕೊಂಡ ಮನೆಯ ಅಜ್ಜಿಯೇ ಎತ್ತಬಲ್ಲಳು. "ಯಪ್ಪಾ, ಮನಿ ಚಲೋ ಐತಿ. ಅವರ ಅಕ್ಕತಂಗೇರು ಸಹಿ ಹಾಕ್ತಾರೇನು?" ಅಜ್ಜಿಯ ಪ್ರಶ್ನೆ ವಕೀಲರ ಪ್ರಶ್ನೆಯೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಸ್ವತ್ತು ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ತರಿಸಿ ನೋಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಪಡೆಯಿರಿ.

ಕೊಳ್ಳುವುದು ನಿವೇಶನವಾದರೆ ಇನ್ನೂ ಕೆಲವು ಎಚ್ಚರಿಕೆ. ಹೊಲಕ್ಕೆ ಕಲ್ಲು ನೆಟ್ಟ ಮಾತ್ರಕ್ಕೆ ಅದು ಬಡಾವಣೆಯಾಗದು. ಭೂಪರಿವರ್ತನೆಯ ಆದೇಶ ಮತ್ತು ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಎರಡೂ ಇರಬೇಕು. ದಾವಣಗೆರೆಯಲ್ಲಾದರೆ ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಬರಿಯ ಅಧಿಕಾರಪತ್ರದ ಮೇಲೆ, ಅಂದರೆ ಜಿಪಿಎ ಬರೆಸಿಕೊಂಡು, ಕೊಂಡೆವೆಂದು ತಿಳಿಯುವುದೂ ತಪ್ಪು. ಅದು ಒಡೆತನ ಕೊಡದೆಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟಪಡಿಸಿದೆ. ಖಾತೆ, ಕಂದಾಯದ ರಸೀದಿ ಇವು ಬೇಕೇ ಬೇಕು, ಆದರೆ ಅವು ತೆರಿಗೆಯ ದಾಖಲೆಗಳು. ಒಡೆತನವನ್ನು ಕೊಡುವುದು ನೋಂದಾಯಿತ ಪತ್ರ.

ಇನ್ನೂ ಕಟ್ಟುತ್ತಿರುವ ಫ್ಲ್ಯಾಟು, ಹೊಸ ಬಡಾವಣೆ ಇವುಗಳಿಗೆ 2016ರ ರೇರಾ ಕಾಯಿದೆಯ ರಕ್ಷಣೆಯುಂಟು. 500 ಚದರ ಮೀಟರಿಗೆ ಮೀರಿದ ನೆಲದ, ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಿರಬೇಕು. ಕರಾರು ನೋಂದಣಿಯಾಗುವ ಮುನ್ನ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಕಟ್ಟುವವರು ಕೇಳುವಂತಿಲ್ಲ. ಸ್ವಾಧೀನವಾದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅವರೇ ಸರಿಪಡಿಸಿಕೊಡಬೇಕು.

ಇನ್ನು ಹಣದ ಮಾತು. 20 ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 18,000. ಕೊನೆಗೆ ಕಟ್ಟುವುದು 43 ಲಕ್ಷಕ್ಕೂ ಮೇಲೆ. ಅದೇ ಸಾಲ 15 ವರ್ಷಕ್ಕಾದರೆ ಕಂತು ಸುಮಾರು 20,300. ಒಟ್ಟು ಮೂವತ್ತಾರೂವರೆ ಲಕ್ಷ. ತಿಂಗಳಿಗೆ 2,300 ರೂಪಾಯಿ ಹೆಚ್ಚು ಕಟ್ಟಿದವರಿಗೆ ಆರೂವರೆ ಲಕ್ಷಕ್ಕೂ ಮಿಕ್ಕಿ ಉಳಿತಾಯ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ವಕೀಲರ ಶುಲ್ಕ ಇವನ್ನು ಬೆಲೆಯ ಜೊತೆಗೆ ಮೊದಲೇ ಲೆಕ್ಕಹಾಕಿ ತೆಗೆದಿಡಿ. ಕೈಯಲ್ಲಿರುವ ಹಣವೆಲ್ಲವನ್ನೂ ಮನೆಗೇ ಸುರಿದು, ಗೃಹಪ್ರವೇಶಕ್ಕೆ ಕೈಸಾಲ ಮಾಡುವುದು ಜಾಣತನವಲ್ಲ.

ಇಷ್ಟಾದ ಮೇಲೆ ಮನೆಯನ್ನು ನೋಡಿರಿ. ಒಂದು ಸಲವಲ್ಲ, ಮೂರು ಸಲ. ಹಗಲಲ್ಲಿ ಒಮ್ಮೆ, ರಾತ್ರಿ ಒಮ್ಮೆ, ಸಾಧ್ಯವಾದರೆ ಮಳೆ ಬಿದ್ದ ಮರುದಿನ ಒಮ್ಮೆ. ಹೊಸ ಬಣ್ಣ ಮರೆಮಾಡಿದ್ದನ್ನು ಮಳೆ ತೋರಿಸುತ್ತದೆ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಬೇಸಿಗೆಯಲ್ಲಿ ಹೇಗೆ ಎಂದು ನೆರೆಮನೆಯ ಹೆಂಗಸರನ್ನು ಕೇಳಿರಿ. ಮನೆಯ ಮುಂದೆ ಹೊಳೆಯನ್ನು ಕಂಡು ಬೆಳೆದವರಿಗೆ ಪಟ್ಟಣದ ನೀರಿನ ಕಷ್ಟ ಮೊದಲು ಹೊಳೆಯುವುದಿಲ್ಲ.

ಒಳ್ಳೆಯ ವಕೀಲರೊಬ್ಬರಿಗೆ ಕಾಗದ ತೋರಿಸಲು ಒಂದು ವಾರ ಬೇಕಾಗಬಹುದು. ಆ ವಾರದಲ್ಲಿ ಮನೆ ಬೇರೆಯವರ ಪಾಲಾದರೆ ಆಗಲಿ. ಪಟ್ಟಣದಲ್ಲಿ ಇನ್ನೊಂದು ಮನೆ ಸಿಕ್ಕೀತು, ಹೊಳೆದಂಡೆಯಲ್ಲಿ ಮಾರಿದ ಗದ್ದೆ ಮತ್ತೆ ಸಿಕ್ಕದು. ದಲ್ಲಾಳಿಯ ಅವಸರಕ್ಕೆ ಅಜ್ಜಿಯ ನಿಧಾನವೇ ಮದ್ದು. ನೋಡಿ, ಕೇಳಿ, ಅಳೆದು ಕೊಂಡ ಮನೆಯಲ್ಲಿ ಹಾಲು ಉಕ್ಕಿದ ದಿನ, ಆ ರಾತ್ರಿ ಮನೆಮಂದಿಯೆಲ್ಲ ನೆಮ್ಮದಿಯಿಂದ ಮಲಗಬಹುದು. ಅಂಥ ದಿನ ನಿಮ್ಮ ಮನೆಗೂ ಬರಲಿ.