ನಂಜಮ್ಮನ ಕಥೆ ಓದಿ ನಿಲ್ಲಿಸಿದ ಜಾಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತಾಡು ಅಂದಿದ್ದರು. ಕ್ಷಮಿಸಿ, ನಾನು ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಬೀರುವಿನಿಂದ ತೆಗೆದುಕೊಟ್ಟ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಅದು. 1970ರಲ್ಲಿ ಬಂದ ಕಾದಂಬರಿ.

ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು, ಜಮಾಬಂದಿಗೆ ಕಾಗದ ಸಿದ್ಧಮಾಡುವವಳು ಇವಳೇ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಬೈಗುಳ ನುಂಗುತ್ತಾಳೆ, ಪಾರ್ವತಿ, ರಾಮಣ್ಣ, ವಿಶ್ವ ಮೂವರನ್ನೂ ಸಾಕುತ್ತಾಳೆ. (ಗಂಡನನ್ನೂ ಅತ್ತೆ ಗಂಗಮ್ಮನನ್ನೂ ಸ್ವಲ್ಪ ಹೆಚ್ಚೇ ಕೆಟ್ಟವರನ್ನಾಗಿ ಮಾಡಿದ್ದಾರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.) ಮಕ್ಕಳು ಪ್ರಾಯಕ್ಕೆ ಬಂದರು, ಇನ್ನು ಕಷ್ಟ ತೀರಿತು ಅನ್ನುವಾಗ ಊರಲ್ಲಿ ಇಲಿ ಬೀಳುತ್ತದೆ. ಪಾರ್ವತಿ, ರಾಮಣ್ಣ ಇಬ್ಬರೂ ಒಬ್ಬರ ಹಿಂದೊಬ್ಬರು ಪ್ಲೇಗಿಗೆ ಹೋಗುತ್ತಾರೆ.

ನಮ್ಮ ತಲೆಮಾರಿಗೆ ಪ್ಲೇಗ್ ಬರೀ ಹೆಸರು. 1898ರಲ್ಲಿ ಅದು ಬೆಂಗಳೂರಿಗೂ ಬಂದಿತ್ತು. ಇಲ್ಲಿ ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಭೈರಪ್ಪನವರು ಹುಡುಗನಾಗಿದ್ದಾಗಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಅದಕ್ಕೇ ಕಳೆದುಕೊಂಡವರು. ಅದಕ್ಕೇ ಇರಬೇಕು, ಆ ಪುಟಗಳಲ್ಲಿ ಅಳಿಸುವ ಪ್ರಯತ್ನವೇ ಇಲ್ಲ. ಯಾರಿಗೆ ಯಾವಾಗ ಜ್ವರ ಬಂತು, ಗೆಡ್ಡೆ ಎದ್ದಿತು, ಅಷ್ಟೇ.

ರಾತ್ರಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅಮ್ಮ ಸೊಪ್ಪು ಸೋಸುತ್ತಾ ಕೇಳುತ್ತಿದ್ದಳು. ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಾರ್ವತಿ ಹೋದ ಕಡೆ ಬಂದಾಗ, "ಸಾಕು, ಮಡಗು" ಅಂದಳು. ನನಗೆ ಆಗ ಹೊಳೆಯಿತು. ಅದಕ್ಕೆ ಎರಡು ವರ್ಷ ಮೊದಲು ನಮ್ಮಕ್ಕ ತೀರಿಕೊಂಡಿದ್ದಳು. ಇದೇ ಶಾಲೆ, ಎಂಟನೇ ತರಗತಿ. ನಾಲ್ಕು ದಿನದ ಜ್ವರ. ಇಲ್ಲಿ ಕೂತಿರುವ ಕೆಲವರಿಗೆ ಅವಳ ನೆನಪಿರಬಹುದು.

ದೀಪ ಆರಿಸಿದ ಮೇಲೆ ಅಮ್ಮ ಕೇಳಿದಳು: "ಮಾರನೇ ದಿನ ಬೆಳಿಗ್ಗೆ ಎದ್ದು ಆಯಮ್ಮ ಏನ್ ಮಾಡಿದ್ಳಂತೆ?"

ನಾನು ಓದಿರಲಿಲ್ಲ, ಗೊತ್ತಿಲ್ಲ ಅಂದೆ. ಆಮೇಲೆ ಒಬ್ಬನೇ ಓದಿ ಮುಗಿಸಿ ಪುಸ್ತಕ ಮೇಷ್ಟ್ರಿಗೆ ವಾಪಸ್ ಕೊಟ್ಟೆ. ಉಳಿದ ವಿಶ್ವನಿಗಾಗಿ ನಂಜಮ್ಮ ಬದುಕಿದಳು, ಕೊನೆಗೆ ಅವಳನ್ನೂ ಪ್ಲೇಗೇ ಒಯ್ದಿತು ಅಂತ ಅಮ್ಮನಿಗೆ ಹೇಳಲಿಲ್ಲ. ಅಮ್ಮ ಮತ್ತೆ ಕೇಳಲೂ ಇಲ್ಲ. ನನ್ನ ಪಿಯುಸಿ, ಬಿಇ ಎಲ್ಲ ಆಯಿತು.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. "ನಂಜಮ್ಮನ ಕತೆ ಬರೆದೋರಲ್ವಾ?" ಅಂದಳು ಅಮ್ಮ. ಆ ವಾರವೇ ಪುಸ್ತಕ ಕೊಂಡು ತಂದೆ. ಮೊದಲಿಂದ ಓದಲಾ ಅಂದೆ.

"ಬ್ಯಾಡ. ಅವತ್ತು ನಿಲ್ಸಿದ್ಯಲ್ಲ, ಅಲ್ಲಿಂದ ಓದು" ಅಂದಳು.