ನಿದ್ದೆಯ ಮಿಠಾಯಿ

ಮದ್ದು ಕಹಿಯಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಚೂರ್ಣವನ್ನು ಜೇನಿನಲ್ಲಿ ಕಲಸಿ ಕೊಡುವುದು, ಲೇಹ್ಯವನ್ನು ಬೆಲ್ಲದ ಪಾಕದಲ್ಲಿ ಕಾಯಿಸಿಡುವುದು ನಮ್ಮ ವೈದ್ಯರಿಗೆ ಹೊಸತಲ್ಲ. ಆದ್ದರಿಂದ, ಅಮೆರಿಕದ ಅಂಗಡಿಗಳಲ್ಲಿ ಹೇರಳವಾಗಿ ಮಾರಾಟವಾಗುವ, ಅಲ್ಲಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ನಮ್ಮ ಕೆಲವು ಮನೆಗಳಿಗೂ ಬಂದಿಳಿಯುವ ನಿದ್ದೆಯ 'ಗಮ್ಮಿ'ಯನ್ನು ಸಿಹಿಯೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ನ್ಯಾಯವಲ್ಲ. ಅದರ ಅನುಕೂಲವನ್ನೂ ಸಕ್ಕರೆಯನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ.

ಗಮ್ಮಿಯೆಂದರೆ ಅಗಿದು ತಿನ್ನುವ ಮೆತ್ತನೆಯ ಮಿಠಾಯಿ. ಸಕ್ಕರೆ, ಗ್ಲೂಕೋಸ್ ಪಾಕ, ಜೆಲಾಟಿನ್ ಇಲ್ಲವೆ ಹಣ್ಣಿನಿಂದ ತೆಗೆದ ಪೆಕ್ಟಿನ್, ತುಸು ಹುಳಿ: ಇವು ಅದರ ಒಡಲು. ಅದರಲ್ಲಿ ಬೆರೆಸಿದ ಮೆಲಟೋನಿನ್ ಎಂಬ ಹಾರ್ಮೋನು ಅದರ ಸತ್ವ. ಕತ್ತಲಾದಂತೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಸ್ರವಿಸುವ ಈ ವಸ್ತುವನ್ನು 1958ರಲ್ಲಿ ಆರನ್ ಲರ್ನರ್ ಮತ್ತು ಅವರ ಸಹೋದ್ಯೋಗಿಗಳು ಬೇರ್ಪಡಿಸಿದರು. ರಾತ್ರಿಯಾಯಿತೆಂದು ದೇಹಕ್ಕೆ ಸಾರುವುದು ಅದರ ಕೆಲಸ.

ಮಾತ್ರೆಯೆಂದರೆ ಗಂಟಲು ಬಿಗಿಯುವವರಿಗೆ ಗಮ್ಮಿಯಿಂದ ನಿಜವಾದ ಉಪಕಾರವಿದೆ, ನೀರೂ ಬೇಡ. ಒಂದು ಸಲದ ಪ್ರಮಾಣದಲ್ಲಿ ಸಾಮಾನ್ಯವಾಗಿ 2ರಿಂದ 4 ಗ್ರಾಂ ಸಕ್ಕರೆ. ಹೆಚ್ಚೆಂದರೆ ಒಂದು ಟೀ ಚಮಚ. ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಲೇಸೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು. ಹೊಟ್ಟೆಯ ಲೆಕ್ಕದಲ್ಲಿ, ಮಧುಮೇಹಿಗಳನ್ನು ಬಿಟ್ಟರೆ, ಇದು ಅಲ್ಪವೇ.

ಹಲ್ಲಿನ ಲೆಕ್ಕ ಬೇರೆ. ಹಲ್ಲುಜ್ಜಿದ ಮೇಲೆ, ಮಲಗುವ ಮುನ್ನ ತಿನ್ನುವ ವಸ್ತುವಿದು. ನಿದ್ದೆಯಲ್ಲಿ ಜೊಲ್ಲಿನ ಸ್ರಾವ ಇಳಿಯುವುದರಿಂದ ಹಲ್ಲಿನ ಸಂದಿಗೆ ಅಂಟಿದ ಪಾಕ ಬೇಗ ತೊಳೆದುಹೋಗುವುದಿಲ್ಲ. ಹಗಲಿನ ಒಂದು ಚಮಚ ಸಕ್ಕರೆಗೂ ಇರುಳಿನ ಒಂದು ಚಮಚಕ್ಕೂ ಇರುವ ಅಂತರವಿದು.

ಸಕ್ಕರೆಯಿಲ್ಲದ ಗಮ್ಮಿಗಳೂ ಉಂಟು. ಆದರೆ ಮದ್ದು ತಿಂಡಿಯ ರೂಪ ತಾಳಿದಾಗ ಅಳತೆಯ ಎಚ್ಚರ ಸಡಿಲುವುದು ಅಲ್ಲಿಯೂ ತಪ್ಪದು. ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 25 ಬಗೆಯ ಗಮ್ಮಿಗಳ ಪೈಕಿ 22ರಲ್ಲಿ ಚೀಟಿಯ ಮಾತಿಗೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಉಳಿದವುಗಳಲ್ಲಿ ಹೇಳಿದ ಪ್ರಮಾಣದ ಶೇಕಡಾ 74ರಿಂದ 347ರವರೆಗೂ ಇತ್ತು. ಮಕ್ಕಳು ಮೆಲಟೋನಿನ್ ಸೇವಿಸಿದ ಬಗ್ಗೆ ಆ ದೇಶದ ವಿಷಚಿಕಿತ್ಸಾ ಕೇಂದ್ರಗಳಿಗೆ 2012ರಲ್ಲಿ 8,337 ವರದಿಗಳು ಬಂದಿದ್ದರೆ 2021ರಲ್ಲಿ ಅವು 52,563. ಎಲ್ಲವೂ ಗಮ್ಮಿಯಿಂದಾದುವೆಂದು ಹೇಳಲಾಗದು. ಆದರೆ ಮಿಠಾಯಿಯಂತೆ ರುಚಿಸುವುದನ್ನು ಒಂದಕ್ಕೇ ನಿಲ್ಲಿಸುವ ವಿವೇಕವನ್ನು ಮಗುವಿನಿಂದ ನಿರೀಕ್ಷಿಸಬಹುದೆ?

ನಮ್ಮ ಮನೆಗಳಲ್ಲಿ ಅಜ್ಜಿಯರು ಕಷಾಯ ಕುಡಿಸಿ, ಆಮೇಲೆ ಬೆಲ್ಲದ ಚೂರು ಕೊಡುತ್ತಿದ್ದರು. ಮದ್ದು ಯಾವುದು, ಸಿಹಿ ಯಾವುದು ಎಂಬುದು ಮಗುವಿಗೂ ತಿಳಿದಿರುತ್ತಿತ್ತು. ಮಾತ್ರೆ ನುಂಗಬಲ್ಲವರಿಗೆ ಗಮ್ಮಿಯ ಅಗತ್ಯವಿಲ್ಲ. ಬೇಕೇಬೇಕೆನ್ನುವವರು ವೈದ್ಯರನ್ನು ಕೇಳಿ, ತಿಂದ ಮೇಲೆ ಹಲ್ಲುಜ್ಜಿ, ಡಬ್ಬಿಯನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಲ್ಲ, ಮದ್ದಿನ ಕಪಾಟಿನಲ್ಲಿ, ಮಕ್ಕಳ ಕೈಗೆಟುಕದಂತೆ ಇಡಲಿ.

(ಬಾನುಲಿ ಭಾಷಣ)